ಹಿತ್ತಲ ತೆಂಗು: ಗೆಲ್ಲಲು ಏಳು ಸೂತ್ರ

ತೆಂಗಿನಕಾಯಿ ರೇಟು ಕೇಳಿ ಪ್ರತಿ ವಾರ ಗೊಣಗುವುದನ್ನು ನಿಲ್ಲಿಸಿ. ಮನೆ ಹಿಂದೆ ಜಾಗ ಇದೆಯೇ? ಈ ಮಳೆಗಾಲದಲ್ಲೇ ಒಂದು ಸಸಿ ನೆಡಿ. ‘ನನ್ನ ಕೈಗುಣ ಸರಿಯಿಲ್ಲ, ನಾನು ನೆಟ್ಟಿದ್ದು ಬದುಕಲ್ಲ’ ಅನ್ನುವುದು ಬರೀ ಒಂದು ಕೆಟ್ಟ ಅಭ್ಯಾಸ, ಬಿಟ್ಟುಬಿಡಿ. ತೆಂಗಿಗೆ ಬೇಕಾಗಿರುವುದು ಟೈಮ್‌ಟೇಬಲ್.

1. ಮೊದಲು ಟೇಪ್ ಹಿಡಿಯಿರಿ

ಬೆಳೆದ ಮರದ ಒಂದೊಂದು ಗರಿ ಹದಿನೈದು ಅಡಿಗೂ ಮೀರಿ ಚಾಚುತ್ತದೆ. ಗೋಡೆ, ಕರೆಂಟ್ ಲೈನ್, ಪಕ್ಕದವರ ಕಾರು ಎಲ್ಲಿವೆ ಎಂದು ಅಳೆದು ನೋಡಿ. ಬೇರಿನಿಂದ ಪಾಯ ಒಡೆಯುತ್ತದೆಂದು ಹೆದರಬೇಡಿ. ತೆಂಗಿಗೆ ತಾಯಿಬೇರೇ ಇಲ್ಲ, ಇರುವುದೆಲ್ಲ ಬೆರಳು ಗಾತ್ರದ ಬೇರುಗಳು. ಅಪಾಯ ಬರುವುದು ಮೇಲಿನಿಂದ. ಗೇಟಿನ ಹತ್ತಿರ, ಮಕ್ಕಳು ಆಡುವ ಕಡೆ ನೆಡಬೇಡಿ. ಎರಡು ಸಸಿ ನೆಡುವುದಾದರೆ ನಡುವೆ 25 ಅಡಿ ಬಿಡಿ. ಮಾವಿನ ಮರದ ನೆರಳಲ್ಲಿ ತೆಂಗು ಬಿಸಿಲು ಹುಡುಕುತ್ತಾ ಸಣಕಲಾಗಿ ಉದ್ದ ಹೋಗುತ್ತದೆ, ಕಾಯಿ ಕೊಡುವುದಿಲ್ಲ. 30×40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂರಡಿ ಪಟ್ಟಿಯಲ್ಲಿ ತೆಂಗು ತುರುಕುವವರಿಗೆ ನನ್ನ ಉತ್ತರ ಒಂದೇ: ಬೇಡ. ಅಲ್ಲಿ ಅಡಿಕೆ ಹಾಕಿ, ಇಲ್ಲವೇ ಕುಂಡದಲ್ಲಿ ಅರೆಕಾ ಪಾಮ್ ಇಡಿ.

2. ಸಸಿಗೆ ಇಂಟರ್‌ವ್ಯೂ ಮಾಡಿ

ಗುರಿ ಮೊದಲು, ತಳಿ ಆಮೇಲೆ. ಎಳನೀರು ಬೇಕೆಂದರೆ ಗಿಡ್ಡ ತಳಿ ತನ್ನಿ. ಕರಾವಳಿಯವರು ಗೆಂದಾಳಿ ಅನ್ನುವ ಕೇಸರಿ ಬಣ್ಣದ ಕಾಯಿಯ ಗಿಡ್ಡ ತಳಿಗಳು ಮೂರು ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತವೆ. ಅಡುಗೆಗೆ, ಕೊಬ್ಬರಿಗೆ ಬೇಕೇ? ತಿಪಟೂರು ಟಾಲ್ ಹಾಕಿ, ಆರೇಳು ವರ್ಷ ಕಾಯಿರಿ. ಎರಡೂ ಬೇಕಾದರೆ ಹೈಬ್ರಿಡ್ ಇದೆ.

ಸಸಿಗೆ 9ರಿಂದ 12 ತಿಂಗಳಾಗಿರಬೇಕು, ಕನಿಷ್ಠ ಆರು ಎಲೆ ಇರಬೇಕು, ಬುಡದ ಸುತ್ತಳತೆ 10 ಸೆಂ.ಮೀ. ಇರಬೇಕು. ಎಲೆ ಬೇಗ ಸೀಳಿ ಗರಿಯಾಗಿದ್ದರೆ ಕಣ್ಣುಮುಚ್ಚಿ ಆರಿಸಿ, ಅದು ಚುರುಕು ಸಸಿಯ ಗುರುತು. ತೋಟಗಾರಿಕೆ ಇಲಾಖೆಯ ನರ್ಸರಿ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ), ಮಂಡ್ಯದಲ್ಲಿರುವ ತೆಂಗು ಅಭಿವೃದ್ಧಿ ಮಂಡಳಿಯ ಫಾರ್ಮ್ ಇರುವಾಗ ರಸ್ತೆ ಬದಿಯ ವ್ಯಾನಿನಲ್ಲಿ ಯಾಕೆ ಕೊಳ್ಳುತ್ತೀರಿ? ಅಲ್ಲಿ ಉಳಿಸಿದ ನೂರು ರೂಪಾಯಿಯ ತಪ್ಪು ಗೊತ್ತಾಗುವುದು ಏಳನೇ ವರ್ಷಕ್ಕೆ.

3. ಗುಂಡಿಗೆ ಜಿಪುಣತನ ಬೇಡ

ಉದ್ದ, ಅಗಲ, ಆಳ ಮೂರೂ ಮೂರು ಮೂರು ಅಡಿ. ಜಂಬಿಟ್ಟಿಗೆ ನೆಲವಾದರೆ ನಾಲ್ಕು. ತಳದಲ್ಲಿ ತೆಂಗಿನ ಮಟ್ಟೆಗಳನ್ನು ಒಳಮೈ ಮೇಲೆ ಬರುವಂತೆ ಎರಡು ಪದರ ಹಾಸಿ, ನೀರು ಹಿಡಿದಿಡುತ್ತವೆ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ಅರೆ ತುಂಬಿ ಸಸಿ ಕೂರಿಸಿ. ಉಳಿದ ಗುಂಡಿಯನ್ನು ಸಸಿ ಬೆಳೆದಂತೆ ಮುಚ್ಚುತ್ತಾ ಹೋಗಿ. ಮಳೆಗೆ ಮಣ್ಣು ಕೊಚ್ಚಿಬಂದು ಸಸಿಯ ಕುತ್ತಿಗೆ ಮುಚ್ಚಿದರೆ ಅವತ್ತೇ ಬಿಡಿಸಿ. ನೀರು ನಿಂತರೆ ಸಸಿ ಕೊಳೆಯುತ್ತದೆ.

4. ಇವತ್ತಿನ ನೀರು, ನಾಲ್ಕನೇ ವರ್ಷದ ಕಾಯಿ

ಸೋಲುವವರು ಸೋಲುವುದು ಇಲ್ಲೇ. ಹೊಂಬಾಳೆ ಹೊರಗೆ ಒಡೆಯುವ ಸುಮಾರು 32 ತಿಂಗಳು ಮೊದಲೇ ಅದರ ಮೊಳಕೆ ಸುಳಿಯೊಳಗೆ ಹುಟ್ಟಿರುತ್ತದೆ. ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಅಂದರೆ ಇವತ್ತು ನೀವು ಕೀಳುವ ಕಾಯಿ ಮೂರೂವರೆ ವರ್ಷಕ್ಕೂ ಹಿಂದೆ ಶುರುವಾದದ್ದು. ಆಗಿನ ಬೇಸಿಗೆಯಲ್ಲಿ ಮರ ಒಣಗಿಸಿದ್ದರೆ ಈಗ ಗೊನೆ ಸಣ್ಣದಾಗುತ್ತದೆ. ‘ಈ ವರ್ಷ ಇಷ್ಟು ನೀರು ಹಾಕಿದರೂ ಕಾಯಿ ಇಲ್ಲ’ ಎಂದು ಕೈಬಿಡುವವರು ಮುಂದಿನ ಮೂರು ವರ್ಷದ ಫಸಲನ್ನೂ ಕೈಬಿಡುತ್ತಾರೆ.

ಆದ್ದರಿಂದ ಬೇಸಿಗೆಯಲ್ಲಿ ಬೆಳೆದ ಮರಕ್ಕೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಕೊಡಿ. ಕಾಂಡಕ್ಕೆ ಹೊಯ್ಯಬೇಡಿ. ಬುಡದಿಂದ ಆರು ಅಡಿ ದೂರಕ್ಕೆ ದುಂಡಗೆ ಪಾತಿ ಮಾಡಿ, ನೀರು, ಗೊಬ್ಬರ ಎರಡನ್ನೂ ಪಾತಿ ತುಂಬ ಹರಡಿ. ಉಣ್ಣುವ ಬೇರುಗಳು ಅಲ್ಲೇ ಇವೆ. ಒಣ ಗರಿ, ಮಟ್ಟೆ ಮುಚ್ಚಿದರೆ ತೇವ ಉಳಿಯುತ್ತದೆ. ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸಿದ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು.

5. ಪೊಟ್ಯಾಷ್ ಮರೆಯಬೇಡಿ

ಯೂರಿಯಾ ಹಾಕಿ ಹಸಿರು ಕಂಡರೆ ಖುಷಿಪಡುತ್ತೇವೆ, ಆದರೆ ತೆಂಗು ಹೆಚ್ಚು ಕೇಳುವುದು ಪೊಟ್ಯಾಷ್. ಕಾಯಿ ಬಿಡುವ ಮರಕ್ಕೆ ವರ್ಷಕ್ಕೆ ಸುಮಾರು 1 ಕೆ.ಜಿ. ಯೂರಿಯಾ, 2 ಕೆ.ಜಿ. ಸೂಪರ್ ಫಾಸ್ಫೇಟ್, 2 ಕೆ.ಜಿ. ಪೊಟ್ಯಾಷ್, ಜೊತೆಗೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ. ರಾಸಾಯನಿಕ ಗೊಬ್ಬರದ ಮೂರನೇ ಒಂದು ಪಾಲು ಮುಂಗಾರಿನ ಆರಂಭದಲ್ಲಿ, ಉಳಿದದ್ದು ಸೆಪ್ಟೆಂಬರ್‌ ಹೊತ್ತಿಗೆ. ಎಳೆಯ ಗರಿ ಮುದುಡಿ ತುದಿ ಅಂಟಿಕೊಂಡಿದ್ದರೆ ಬೋರಾನ್ ಕೊರತೆ ಇರಬಹುದು, 50 ಗ್ರಾಂ ಬೋರಾಕ್ಸ್ ಕೊಡಿ. ಹರಳು (ಎಳೆಗಾಯಿ) ಒಂದಿಷ್ಟು ಉದುರುವುದು ಸಹಜ, ಅದಕ್ಕೆಲ್ಲ ನಿದ್ದೆ ಕೆಡಿಸಿಕೊಳ್ಳಬೇಡಿ.

6. ಭಾನುವಾರ ತಲೆ ಎತ್ತಿ ನೋಡಿ

ಕಾಫಿ ಲೋಟ ಹಿಡಿದು ಮರದ ಕೆಳಗೆ ನಿಲ್ಲಿ, ಐದು ನಿಮಿಷ ಸಾಕು. ಹೊಸದಾಗಿ ಬಿಚ್ಚಿಕೊಂಡ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಸಾಲಾಗಿ ‘ವಿ’ ಆಕಾರದ ಕಚ್ಚು ಕಂಡರೆ ಅದು ರೈನೋಸರಸ್ ದುಂಬಿಯ ಕೆಲಸ. ಗರಿ ಇನ್ನೂ ಸುಳಿಯಲ್ಲಿ ಮಡಿಚಿಕೊಂಡಿದ್ದಾಗ ದುಂಬಿ ಅಡ್ಡ ಕೊರೆದಿರುತ್ತದೆ, ಗರಿ ಬಿಚ್ಚಿದಾಗ ಎರಡೂ ಬದಿಗೆ ಒಂದೇ ವಿನ್ಯಾಸ. ಸುಳಿಯ ಬುಡದಲ್ಲಿ ಅಗಿದು ಉಗಿದ ನಾರು ಕಂಡರೆ ದುಂಬಿ ಒಳಗೇ ಇದೆ. ಕೊಕ್ಕೆ ಕಂಬಿ ಹಾಕಿ ಎಳೆದು ತೆಗೆಯಿರಿ. ಸುಳಿಯ ಪಕ್ಕದ ಗರಿಗಳ ಸಂದಿಯಲ್ಲಿ ಮೂರು ನುಸಿಗುಳಿಗೆ ಇಟ್ಟು ಮರಳು ಮುಚ್ಚಿ, ಒಂದೂವರೆ ತಿಂಗಳಿಗೊಮ್ಮೆ ಹೊಸದಿಡಿ. ಬೇವಿನ ಹಿಂಡಿ ಮತ್ತು ಮರಳನ್ನು ಸಮ ಬೆರೆಸಿ ತುಂಬಿದರೂ ಆಗುತ್ತದೆ.

ದುಂಬಿಯ ಮರಿಗಳಿರುವುದು ನಿಮ್ಮದೇ ಗೊಬ್ಬರದ ಗುಂಡಿಯಲ್ಲಿ. ಅಗೆದು ನೋಡಿ: ಹೆಬ್ಬೆರಳು ದಪ್ಪದ, ಬಾಗಿಕೊಂಡು ಮಲಗಿದ ಬಿಳಿ ಹುಳುಗಳು. ಆರಿಸಿ ಕೋಳಿಗೆ ಹಾಕಿ. ಇಷ್ಟು ಕಾಳಜಿ ಯಾಕೆಂದರೆ ತೆಂಗಿಗೆ ಇರುವುದು ಒಂದೇ ಸುಳಿ. ಅದು ಸತ್ತರೆ ಪಕ್ಕದಿಂದ ಚಿಗುರುವುದಿಲ್ಲ. ದುಂಬಿ ಮಾಡಿದ ಗಾಯದಲ್ಲೇ ಕೆಂಪು ಮೂತಿ ಹುಳು ಮೊಟ್ಟೆ ಇಡುತ್ತದೆ, ಅದರ ಮರಿಗಳು ಒಳಗಿಂದ ಮರವನ್ನೇ ತಿನ್ನುತ್ತವೆ.

7. ಕತ್ತಿ ದೂರ ಇಡಿ

ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಬಿಡುತ್ತದೆ, ಒಂದೊಂದು ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ. ಚಪ್ಪರಕ್ಕೆಂದು ಹಸಿ ಗರಿ ಕಡಿದರೆ ಗೊನೆಯ ಊಟ ಕಡಿದಂತೆ. ಒಣಗಿದ್ದನ್ನು ಮಾತ್ರ ತೆಗೆಯಿರಿ. ಹತ್ತಲು ಸುಲಭವಾಗಲೆಂದು ಕಾಂಡಕ್ಕೆ ಮೆಟ್ಟಿಲು ಕಚ್ಚು ಹಾಕಿಸಬೇಡಿ, ಬಟ್ಟೆ ಹಗ್ಗಕ್ಕೆ ಮೊಳೆ ಹೊಡೆಯಬೇಡಿ. ಮಾವು, ಬೇವಿನಂತೆ ತೆಂಗಿನ ಕಾಂಡದ ಗಾಯ ಮುಚ್ಚಿಕೊಳ್ಳುವುದಿಲ್ಲ, ಇದ್ದಷ್ಟು ದಿನ ಹಾಗೇ ಇರುತ್ತದೆ. ಮರ ಹತ್ತುವ ಯಂತ್ರ ಬಳಸಲು ಕಲಿತವರು ಈಗ ಸಿಗುತ್ತಾರೆ, ತೆಂಗು ಅಭಿವೃದ್ಧಿ ಮಂಡಳಿಯೇ ತರಬೇತಿ ಕೊಟ್ಟಿದೆ. ಒಂದೂವರೆ ತಿಂಗಳಿಗೊಮ್ಮೆ ಕರೆಸಿ. ಕೀಳುವಾಗಲೇ ಸುಳಿ ನೋಡಲು, ಗುಳಿಗೆ ಇಡಲು ಹೇಳಿ, ಕೂಲಿ ಒಂದೇ. ಅವರು ಬರುವ ಮೊದಲು ಪಕ್ಕದ ಮನೆಯವರಿಗೆ ಕಾರು ತೆಗೆಯಲು ಹೇಳಿ.