ಸೇರಿಗೆ ಎಷ್ಟು ಕಿಲೋ? ಅಡುಗೆಮನೆಯ ಅಳತೆ ಮತ್ತು ತೂಕ

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ತುಂಗಭದ್ರೆಯ ದಡದ ಮೇಲೆ ಶ್ರೀ ಕರಿಬಸವೇಶ್ವರ ಸ್ವಾಮಿಯ ಗದ್ದುಗೆ ಇದೆ. ಅಮಾವಾಸ್ಯೆಗೆ ದೂರದೂರದಿಂದ ಭಕ್ತರು ಬರುತ್ತಾರೆ. ಇಂಥ ಕಡೆ ರೈತರ ಮನೆಗೆ ನೆಂಟರಿಷ್ಟರು ಬರುವುದು ಸಹಜ. ಹರಕೆ ಹೊತ್ತವರು ನೂರು ಜನಕ್ಕೆ ಊಟ ಹಾಕುವುದೂ ಉಂಟು. ದಿನವೂ ಸೇರು, ಪಾವಿನಲ್ಲಿ ಅಳೆದು ಅಡುಗೆ ಮಾಡುವವರು ಅಂದು ಅಂಗಡಿಯಿಂದ ಬಂದ ಕಿಲೋ ಚೀಲದ ಮುಂದೆ ತಡವರಿಸುತ್ತಾರೆ.

ಅನ್ನವನ್ನೇ ತೆಗೆದುಕೊಳ್ಳಿ. ಒಂದು ಸೇರು ಅಕ್ಕಿಗೆ ಎರಡು ಸೇರು ನೀರು ಎಂಬುದು ಹಲವು ಮನೆಗಳ ವಾಡಿಕೆ. 10 ಕಿಲೋ ಅಕ್ಕಿ ತಂದವರು ಅದೇ ಲೆಕ್ಕದಲ್ಲಿ 20 ಲೀಟರ್ ನೀರು ಇಟ್ಟರೆ ಅನ್ನ ಸರಿಯಾಗಿ ಬೇಯುವುದಿಲ್ಲ. ಏಕೆಂದರೆ ಒಂದು ಲೀಟರ್ ಪಾತ್ರೆಯಲ್ಲಿ ಹಿಡಿಯುವ ಅಕ್ಕಿಯ ತೂಕ ಒಂದು ಕಿಲೋ ಅಲ್ಲ, ಸುಮಾರು 830 ಗ್ರಾಂ. 10 ಕಿಲೋ ಅಕ್ಕಿ ಅಳತೆಯಲ್ಲಿ 12 ಲೀಟರ್ ಆಗುತ್ತದೆ. ನೀರು 24 ಲೀಟರ್ ಬೇಕು. ನಾಲ್ಕು ಲೀಟರ್ ಕಡಿಮೆ ಬಿದ್ದರೆ ತಳ ಸೀದು, ಮೇಲಿನ ಅಕ್ಕಿ ಕಾಳಾಗಿಯೇ ಉಳಿಯುತ್ತದೆ. ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಮತ್ತೆ ನೀರು ಕಾಯಿಸುವ ಫಜೀತಿ ಯಾರಿಗೂ ಬೇಡ. (ಗಂಜಿ ಬಸಿಯುವವರಿಗೆ ಈ ತೊಂದರೆಯಿಲ್ಲ.)

ಒಂದು ಲೀಟರ್ ಎಂದರೆ ಒಂದು ಕಿಲೋ ಎಂಬುದು ನೀರಿಗೆ ಮಾತ್ರ ಸರಿ. ಕಾಳಿನ ನಡುವೆ ಗಾಳಿ ಇರುತ್ತದೆ. ಪದಾರ್ಥ ಬದಲಾದಂತೆ ತೂಕವೂ ಬದಲಾಗುತ್ತದೆ. ಒಂದು ಲೀಟರ್ ಸಕ್ಕರೆ ಸುಮಾರು 850 ಗ್ರಾಂ, ಪುಡಿ ಉಪ್ಪು 1,200 ಗ್ರಾಂ, ಗೋಧಿ ಹಿಟ್ಟು 500ರಿಂದ 550 ಗ್ರಾಂ ತೂಗುತ್ತವೆ. ಹಿಟ್ಟನ್ನು ಅದುಮಿ ತುಂಬಿದರೆ ಇನ್ನೂ ಹೆಚ್ಚು. ದಾವಣಗೆರೆಯ ಮಂಡಕ್ಕಿಯಾದರೋ ಲೀಟರಿಗೆ 100 ಗ್ರಾಂ ಮುಟ್ಟುವುದೇ ಕಷ್ಟ. ಅಡುಗೆ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ. ಆದ್ದರಿಂದ ಒಂದು ಲೀಟರ್ ಪ್ಯಾಕೆಟ್ಟಿನ ಬೆಲೆಯನ್ನು ಒಂದು ಕಿಲೋ ಎಣ್ಣೆಯ ಬೆಲೆಯೊಡನೆ ಹಾಗೆಯೇ ಹೋಲಿಸಬಾರದು. ಪ್ಯಾಕೆಟ್ಟಿನ ಮೇಲೆ ಗ್ರಾಂ ಲೆಕ್ಕವೂ ಇರುತ್ತದೆ, ಓದಿ ಕೊಳ್ಳಿ.

ಸೇರಿನ ಹೆಸರೇ ಗೊಂದಲದ್ದು. ತೂಕಕ್ಕೂ ಸೇರು ಇತ್ತು, ಅಳತೆಗೂ ಸೇರು ಇತ್ತು. 80 ತೊಲದ ತೂಕದ ಸೇರು 933 ಗ್ರಾಂ. 1956ರ ಕಾಯಿದೆಯಿಂದ ದೇಶದಲ್ಲಿ ಮೆಟ್ರಿಕ್ ಪದ್ಧತಿ ಬಂತು, ಆದರೆ ಅಡುಗೆಮನೆಯ ಸೇರು ಹೋಗಲಿಲ್ಲ. ಅಳತೆಯ ಸೇರಂತೂ ಊರೂರಿಗೆ ಬೇರೆ. ಆದ್ದರಿಂದ ಪಕ್ಕದ ಮನೆಯವರ ಲೆಕ್ಕ ನಂಬದೆ ನಿಮ್ಮ ಸೇರನ್ನೇ ಪರೀಕ್ಷಿಸಿ.

ಖಾಲಿ ಸೇರನ್ನು ತಕ್ಕಡಿಯಲ್ಲಿ ತೂಗಿ. ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ಹೆಚ್ಚಿದ ತೂಕ 950 ಗ್ರಾಂ ಆದರೆ ನಿಮ್ಮ ಸೇರು 950 ಮಿಲಿಲೀಟರ್. ಬಳಿಕ ಸೇರನ್ನು ಚೆನ್ನಾಗಿ ಒರೆಸಿ, ಅಕ್ಕಿ ತುಂಬಿ, ಕುಲುಕದೆ ತಲೆ ಸವರಿ ತೂಗಿ. ಗೋಪುರದಂತೆ ತುಂಬುವುದು ನಿಮ್ಮ ರೂಢಿಯಾಗಿದ್ದರೆ ಹಾಗೆಯೇ ತುಂಬಿ ತೂಗಿ. ಆದರೆ ನೀರನ್ನು ಗೋಪುರವಾಗಿ ತುಂಬಲಾಗದು ಎಂಬುದು ನೆನಪಿರಲಿ. ಬೇಳೆ, ರವೆ, ಹಿಟ್ಟಿಗೂ ಹೀಗೆಯೇ ಮಾಡಿ, ಬಂದ ಅಂಕಿಯನ್ನು ಆಯಾ ಡಬ್ಬಿಯ ಮೇಲೆ ಚೀಟಿ ಬರೆದು ಅಂಟಿಸಿ.

ಒಂದು ಸೇರು ಅಕ್ಕಿ 790 ಗ್ರಾಂ ಬಂತೆನ್ನಿ. 10 ಕಿಲೋ ಎಂದರೆ 10,000 ಗ್ರಾಂ. 790ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಹನ್ನೆರಡೂ ಮುಕ್ಕಾಲು ಸೇರು. ನೀರು ಇಪ್ಪತ್ತೈದೂವರೆ ಸೇರು. ಹೊಸ ಅಕ್ಕಿಗೆ ಇಷ್ಟು ನೀರು ಹಿಡಿಯದು, ಅನ್ನ ಮುದ್ದೆಯಾದೀತು. ಮೊದಲು ಒಂದು ಪಾವು ಬೇಯಿಸಿ ನೋಡಿ.