ದುಡಿಮೆಯೊಂದಿಗೆ ಪದವಿ: ದೊಡ್ಡ ಬ್ಯಾಂಕುಗಳ ತಂತ್ರಜ್ಞಾನ ಅಪ್ರೆಂಟಿಸ್‌ಶಿಪ್

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಈ ಪಾಠವನ್ನು ಓದಿದ ನಂತರ ಸದಸ್ಯರು, ವೇತನ ಪಡೆಯುತ್ತಲೇ ಪದವಿ ಗಳಿಸುವ ವ್ಯವಸ್ಥೆಯ ಸ್ವರೂಪವನ್ನು ವಿವರಿಸಲು, ನಮ್ಮ ದೇಶದಲ್ಲಿರುವ ಸಮೀಪದ ಅವಕಾಶಗಳನ್ನು ಗುರುತಿಸಲು ಹಾಗೂ ಈ ಹೆಸರಿನಲ್ಲಿ ನಡೆಯಬಹುದಾದ ವಂಚನೆಯಿಂದ ಗ್ರಾಮದ ಕುಟುಂಬಗಳನ್ನು ಎಚ್ಚರಿಸಲು ಶಕ್ತರಾಗಬೇಕೆಂಬುದು ಆಶಯ.

ಪೀಠಿಕೆ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ದಿನಗಳಲ್ಲಿ ಸದಸ್ಯರ ಮನೆಯಂಗಳಕ್ಕೆ ಬರುವ ಪ್ರಶ್ನೆಗಳು ಬದಲಾಗುತ್ತವೆ. ಬೀದಿದೀಪ, ಚರಂಡಿಗಳ ಮಾತು ಹಿಂದೆ ಸರಿದು, ಮಕ್ಕಳನ್ನು ಮುಂದೆ ಏನು ಓದಿಸಬೇಕು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಎರಡು ಎಕರೆ ಖುಷ್ಕಿ ಜಮೀನಿರುವ ಒಂದು ಕುಟುಂಬವನ್ನು ಉದಾಹರಣೆಯಾಗಿ ಭಾವಿಸೋಣ. ಮಗಳು ವಿಜ್ಞಾನ ವಿಭಾಗದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ. ಎಂಜಿನಿಯರಿಂಗ್ ಶುಲ್ಕಕ್ಕೆ ಜಮೀನು ಅಡವಿಡಬೇಕಾದ ಸ್ಥಿತಿ. ಅಷ್ಟರಲ್ಲಿ ಪಟ್ಟಣದ ಮಧ್ಯವರ್ತಿಯೊಬ್ಬನು ಬಂದು, ವಿದೇಶದ ದೊಡ್ಡ ಬ್ಯಾಂಕಿನಲ್ಲಿ ಸಂಬಳದೊಂದಿಗೆ ಕಂಪ್ಯೂಟರ್ ಪದವಿ ದೊರೆಯುತ್ತದೆ, ಮುಂಗಡವಾಗಿ ಮೂರು ಲಕ್ಷ ರೂಪಾಯಿ ಕೊಟ್ಟರೆ ಸಾಕು ಎನ್ನುತ್ತಾನೆ. ತಂದೆಯು ಸದಸ್ಯರ ಬಳಿ ಬಂದು, ಇದು ನಿಜವೇ ಎಂದು ಕೇಳುತ್ತಾನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಎರಡು ಭಾಗಗಳಲ್ಲಿದೆ. ಅಂತಹ ವ್ಯವಸ್ಥೆ ಇರುವುದು ನಿಜ. ಮಧ್ಯವರ್ತಿ ತೋರಿಸುವ ದಾರಿ ಸುಳ್ಳು.

ಇಂಗ್ಲೆಂಡಿನ ವ್ಯವಸ್ಥೆ

ಇಂಗ್ಲೆಂಡಿನಲ್ಲಿ ಪದವಿ ಅಪ್ರೆಂಟಿಸ್‌ಶಿಪ್ ಎಂಬ ಪದ್ಧತಿಯು 2015ರಲ್ಲಿ ಆರಂಭವಾಯಿತು. ಜೆ.ಪಿ. ಮಾರ್ಗನ್, ಲಾಯ್ಡ್ಸ್, ಬಾರ್ಕ್ಲೇಸ್ ಮೊದಲಾದ ದೊಡ್ಡ ಬ್ಯಾಂಕುಗಳು ತಂತ್ರಜ್ಞಾನ ವಿಭಾಗಗಳಲ್ಲಿ ಇದನ್ನು ಅಳವಡಿಸಿಕೊಂಡಿವೆ. ಶಾಲಾ ಶಿಕ್ಷಣ ಮುಗಿಸಿದ ಅಭ್ಯರ್ಥಿಯು ಮೊದಲು ಬ್ಯಾಂಕಿನ ಆಯ್ಕೆ ಪರೀಕ್ಷೆ ಹಾಗೂ ಸಂದರ್ಶನಗಳಲ್ಲಿ ಆಯ್ಕೆಯಾಗಬೇಕು. ಆಯ್ಕೆಯಾದವನು ಬ್ಯಾಂಕಿನ ಉದ್ಯೋಗಿಯಾಗುತ್ತಾನೆ. ಅವನಿಗೆ ಉದ್ಯೋಗ ಒಪ್ಪಂದ, ಮಾಸಿಕ ವೇತನ ಹಾಗೂ ವೇತನಸಹಿತ ರಜೆ ಇರುತ್ತವೆ. ಜೊತೆಯಲ್ಲೇ ಸಹಭಾಗಿ ವಿಶ್ವವಿದ್ಯಾಲಯದಲ್ಲಿ ಡಿಜಿಟಲ್ ತಂತ್ರಜ್ಞಾನದ ಪದವಿ ವ್ಯಾಸಂಗವೂ ನಡೆಯುತ್ತದೆ. ಅವಧಿ ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷ.

ವಿದ್ಯಾರ್ಥಿಯು ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಅಲ್ಲಿ ಸಾಮಾನ್ಯ ವಿದ್ಯಾರ್ಥಿಗಳಿಗೆ 2024–25ನೇ ಸಾಲಿನವರೆಗೂ ವಾರ್ಷಿಕ ಗರಿಷ್ಠ ಶುಲ್ಕ 9,250 ಪೌಂಡ್ ಇದ್ದುದನ್ನು ಗಮನಿಸಿದರೆ ಈ ಉಳಿತಾಯದ ಮಹತ್ವ ತಿಳಿಯುತ್ತದೆ. ಇದಕ್ಕೆ ಹಣದ ಮೂಲವೂ ಸ್ಪಷ್ಟವಾಗಿದೆ. ಏಪ್ರಿಲ್ 2017ರಿಂದ, ವಾರ್ಷಿಕ ವೇತನ ವೆಚ್ಚ 30 ಲಕ್ಷ ಪೌಂಡ್ ಮೀರಿದ ಉದ್ಯೋಗದಾತರು ಆ ಮೀರಿದ ಮೊತ್ತದ ಮೇಲೆ ಶೇ. 0.5ರಷ್ಟನ್ನು ತರಬೇತಿ ಕರವಾಗಿ ಪಾವತಿಸುತ್ತಾರೆ. ಈ ಕರದಿಂದ ಕೂಡುವ ಮೊತ್ತವನ್ನೇ ಬ್ಯಾಂಕುಗಳು ವಿಶ್ವವಿದ್ಯಾಲಯದ ಶುಲ್ಕಕ್ಕೆ ಬಳಸಿಕೊಳ್ಳುತ್ತವೆ.

ಕೆಲಸದ ಸ್ವರೂಪ

ತಂತ್ರಜ್ಞಾನ ಅಪ್ರೆಂಟಿಸ್ ಶಾಖೆಯ ಕೌಂಟರಿನಲ್ಲಿ ಕುಳಿತುಕೊಳ್ಳುವುದಿಲ್ಲ. ಗ್ರಾಹಕರು ಮೊಬೈಲ್‌ನಿಂದ ಹಣ ಕಳುಹಿಸುವ ತಂತ್ರಾಂಶವನ್ನು ಬರೆಯುವುದು, ಬರೆದುದನ್ನು ಪರೀಕ್ಷಿಸುವುದು, ದತ್ತಾಂಶ ವಿಶ್ಲೇಷಿಸುವುದು, ಸೈಬರ್ ದಾಳಿಯಿಂದ ಖಾತೆಗಳನ್ನು ರಕ್ಷಿಸುವುದು ಅವನ ಕೆಲಸ. ಅಪ್ರೆಂಟಿಸ್‌ಗೆ ನಿಗದಿತ ಕನಿಷ್ಠ ಪ್ರಮಾಣದ ಕಲಿಕೆ, ಕೆಲಸದ ಅವಧಿಯೊಳಗೇ ದೊರೆಯಬೇಕೆಂಬುದು ನಿಯಮ. ಆದರೂ ನಿಬಂಧ, ಪ್ರಾಜೆಕ್ಟ್ ವರದಿಗಳಿಗೆ ಸಂಜೆಯ ವೇಳೆಯೂ ಬೇಕಾಗುತ್ತದೆ. ಕಾಲೇಜು ವಿದ್ಯಾರ್ಥಿಗಳಿಗಿರುವ ದೀರ್ಘ ರಜೆ ಇಲ್ಲಿಲ್ಲ. ಉಳುಮೆಯನ್ನೂ ಓದನ್ನೂ ಒಟ್ಟಿಗೆ ನಡೆಸಿದ ಮನೆಗಳಿಗೆ ಈ ಶ್ರಮ ಅಪರಿಚಿತವೇನಲ್ಲ.

ವಿದೇಶದ ಹೆಸರಿನ ವಂಚನೆ

ಇಂಗ್ಲೆಂಡಿನ ಸರ್ಕಾರಿ ನಿಧಿಯ ನಿಯಮಗಳ ಪ್ರಕಾರ, ವಿದೇಶಿ ಪ್ರಜೆಯು ಈ ತರಬೇತಿಗೆ ಅರ್ಹನಾಗಲು ಅಲ್ಲಿ ಕೆಲಸ ಮಾಡುವ ಹಕ್ಕನ್ನು ಹೊಂದಿರಬೇಕು. ಸಾಮಾನ್ಯವಾಗಿ ಹಿಂದಿನ ಮೂರು ವರ್ಷ ಅಲ್ಲಿಯೇ ಕಾನೂನುಬದ್ಧವಾಗಿ ವಾಸವಾಗಿರಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಈ ಅವಕಾಶ ಪಡೆಯಬಹುದು. ಪಿಯುಸಿ ಮುಗಿಸಿ ಇಲ್ಲಿಂದ ಹೊಸದಾಗಿ ಹೊರಡುವವರಿಗೆ ಈ ದಾರಿ ತೆರೆದಿಲ್ಲ. ಆದ್ದರಿಂದ ಹಣ ಪಡೆದು ಇಂತಹ ಸ್ಥಾನ ಕೊಡಿಸುವುದಾಗಿ ಹೇಳುವವರ ಮಾತನ್ನು ನಂಬಬಾರದೆಂದು ಸದಸ್ಯರು ಯಾವ ಅಳುಕೂ ಇಲ್ಲದೆ ತಿಳಿಸಬಹುದು.

ನಮ್ಮ ದೇಶದ ಅವಕಾಶಗಳು

ಭಾರತದಲ್ಲಿ ಈ ಕ್ಷೇತ್ರಕ್ಕೆ 1961ರ ಶಿಶಿಕ್ಷು ಅಧಿನಿಯಮವು ಆಧಾರ. ಶಿಶಿಕ್ಷು ಎಂದರೆ ಅಪ್ರೆಂಟಿಸ್. ಮೂರು ಬಗೆಯ ಅವಕಾಶಗಳನ್ನು ಸದಸ್ಯರು ಬೇರೆ ಬೇರೆಯಾಗಿ ಅರಿಯಬೇಕು.

1. ಪದವಿಯ ನಂತರದ ಬ್ಯಾಂಕ್ ಅಪ್ರೆಂಟಿಸ್‌ಶಿಪ್. 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕೆನರಾ ಬ್ಯಾಂಕ್ 2024ರಲ್ಲಿ 3,000 ಪದವೀಧರ ಅಪ್ರೆಂಟಿಸ್ ಸ್ಥಾನಗಳಿಗೆ ಅರ್ಜಿ ಆಹ್ವಾನಿಸಿತ್ತು. ಅವಧಿ ಒಂದು ವರ್ಷ; ಮಾಸಿಕ ಶಿಷ್ಯವೇತನ 15,000 ರೂಪಾಯಿ. ನ್ಯಾಟ್ಸ್ ಎಂದು ಕರೆಯಲಾಗುವ ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯ ಜಾಲತಾಣದಲ್ಲಿ ನೋಂದಣಿ ಅಗತ್ಯವಾಗಿತ್ತು. ಸ್ಥಳೀಯ ಭಾಷೆಯ ಜ್ಞಾನವೂ ಬೇಕಿದ್ದುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಅನುಕೂಲ. ಇದರಿಂದ ಅನುಭವ ದೊರೆಯುತ್ತದೆ. ಹೊಸ ಪದವಿ ದೊರೆಯುವುದಿಲ್ಲ.

2. ಪದವಿಯೊಳಗಿನ ಅಪ್ರೆಂಟಿಸ್‌ಶಿಪ್. ಪದವಿ ಪಠ್ಯಕ್ರಮದೊಳಗೇ ಉದ್ಯಮದ ತರಬೇತಿಯನ್ನು ಸೇರಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇಂಗ್ಲೆಂಡಿನ ಪದ್ಧತಿಗೆ ತಕ್ಕಮಟ್ಟಿಗೆ ಹತ್ತಿರವಿರುವುದು ಇದೇ. ಪ್ರವೇಶಕ್ಕೆ ಮೊದಲು ಕಾಲೇಜು ಯಾವ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡಿದೆ ಎಂಬುದನ್ನು ಕೇಳಿ ತಿಳಿಯತಕ್ಕದ್ದು.

3. ಕಂಪನಿ ಪ್ರಾಯೋಜಿತ ಪದವಿ. ಬೆಂಗಳೂರಿನ ವಿಪ್ರೋ ಸಂಸ್ಥೆಯು ಬಿಸಿಎ, ಬಿಎಸ್‌ಸಿ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ದುಡಿಮೆಯ ಜೊತೆಗೆ ಎಂ.ಟೆಕ್ ಓದಿಸುವ ಯೋಜನೆಯನ್ನು ನಡೆಸುತ್ತ ಬಂದಿದೆ. ಇದು ಬ್ಯಾಂಕಿನ ಯೋಜನೆಯಲ್ಲ. ಇಂತಹ ಯೋಜನೆಗಳಲ್ಲಿ ನಿಗದಿತ ವರ್ಷ ಸೇವೆ ಸಲ್ಲಿಸುವ ಕರಾರು ಇರುವುದರಿಂದ ಸಹಿ ಹಾಕುವ ಮೊದಲು ಅದನ್ನು ಪೂರ್ತಿಯಾಗಿ ಓದಬೇಕು.

ಕಾನೂನಿನ ಮುಖ್ಯ ವ್ಯತ್ಯಾಸ

ಇಂಗ್ಲೆಂಡಿನ ಅಪ್ರೆಂಟಿಸ್ ಉದ್ಯೋಗಿ. ನಮ್ಮ ಅಧಿನಿಯಮದ 18ನೇ ಪ್ರಕರಣದಂತೆ ಇಲ್ಲಿನ ಅಪ್ರೆಂಟಿಸ್ ತರಬೇತಿಯಲ್ಲಿರುವವನು, ಕಾರ್ಮಿಕನಲ್ಲ. 22ನೇ ಪ್ರಕರಣದಂತೆ, ತರಬೇತಿ ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ತರಬೇತಿ ಮುಗಿದ ಬಳಿಕ ಕೆಲಸ ಕೊಡುವುದು ಸಂಸ್ಥೆಗೆ ಕಡ್ಡಾಯವಲ್ಲ. ಶಿಷ್ಯವೇತನವನ್ನು ಕಾಯಂ ಸಂಬಳವೆಂದು ಭಾವಿಸಿ ಸಾಲ ಮಾಡಿದ ಕುಟುಂಬವು ಹದಿಮೂರನೆಯ ತಿಂಗಳಲ್ಲಿ ಸಂಕಷ್ಟಕ್ಕೆ ಸಿಲುಕುತ್ತದೆ. ಒಪ್ಪಂದ ನೋಂದಣಿಯಾಗಬೇಕೆಂಬುದೂ ಅಧಿನಿಯಮದ ನಿಯಮ. ನೋಂದಣಿ ಇಲ್ಲದ ತರಬೇತಿಯ ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ.

ಗ್ರಾಮ ಪಂಚಾಯಿತಿಯ ಪಾತ್ರ

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ತಾಂತ್ರಿಕ ತರಬೇತಿ ಹಾಗೂ ವೃತ್ತಿ ಶಿಕ್ಷಣವು 18ನೆಯದು, ಗ್ರಂಥಾಲಯವು 20ನೆಯದು. ಪಂಚಾಯಿತಿಗೆ ಇದಕ್ಕಾಗಿ ದೊಡ್ಡ ಅನುದಾನ ಬೇಕಿಲ್ಲ. ಕೆಳಗಿನ ನಾಲ್ಕು ಕ್ರಮಗಳು ಸಾಕು.

ಅ) ಗ್ರಾಮ ಪಂಚಾಯಿತಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ನ್ಯಾಟ್ಸ್ ನೋಂದಣಿಗೆ ವಾರದಲ್ಲಿ ಒಂದು ನಿಗದಿತ ವೇಳೆ ಗೊತ್ತುಪಡಿಸುವುದು.

ಆ) ಬ್ಯಾಂಕುಗಳ ಅಧಿಸೂಚನೆಗಳನ್ನು ಮುದ್ರಿಸಿ ಕೊನೆಯ ದಿನಾಂಕದೊಂದಿಗೆ ಸೂಚನಾ ಫಲಕದಲ್ಲಿ ಹಾಕುವುದು.

ಇ) ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಅಂತಿಮ ವರ್ಷದ ವಿದ್ಯಾರ್ಥಿಗಳು ಮುಂಚಿತವಾಗಿಯೇ ಅರ್ಜಿ ಸಲ್ಲಿಸುವಂತೆ ಗ್ರಾಮಸಭೆಯಲ್ಲಿ ತಿಳಿಸುವುದು.

ಈ) ಬ್ಯಾಂಕಿನ ಅರ್ಜಿ ಶುಲ್ಕವನ್ನು ಬ್ಯಾಂಕು ಸೂಚಿಸಿದ ಜಾಲತಾಣದಲ್ಲಿ ಮಾತ್ರ ಪಾವತಿಸಬೇಕು, ವ್ಯಕ್ತಿಗಳ ಕೈಗೆ ಹಣ ಕೊಡಬಾರದು ಎಂದು ಪ್ರಚಾರ ಮಾಡುವುದು.

ಪೋಷಕರಿಗೆ ತಿಳಿಸಬೇಕಾದ ಐದು ಪ್ರಶ್ನೆಗಳು

ಕೊನೆಯಲ್ಲಿ ದೊರೆಯುವುದು ಪದವಿಯೋ, ಪ್ರಮಾಣಪತ್ರವೋ? ಶುಲ್ಕ ಭರಿಸುವವರು ಯಾರು? ಒಪ್ಪಂದ ನೋಂದಣಿಯಾಗಿದೆಯೇ? ಮಧ್ಯದಲ್ಲಿ ಬಿಟ್ಟರೆ ಹಣ ಹಿಂದಿರುಗಿಸಬೇಕೇ? ತರಬೇತಿಯ ನಂತರ ಕೆಲಸದ ಭರವಸೆ ಬರವಣಿಗೆಯಲ್ಲಿದೆಯೇ? ಈ ಐದಕ್ಕೂ ಕಾಗದದ ಮೇಲೆ ಉತ್ತರ ದೊರೆಯದ ಯೋಜನೆಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಪೀಠಿಕೆಯಲ್ಲಿ ಹೇಳಿದ ತಂದೆಯು ಈ ಪ್ರಶ್ನೆಗಳನ್ನು ಬರೆದುಕೊಂಡು ಮಧ್ಯವರ್ತಿಯ ಮುಂದಿಟ್ಟರೆ ಎರಡು ಎಕರೆ ಜಮೀನು ಉಳಿಯುತ್ತದೆ. ಮಗಳು ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿಸಿಎ ಸೇರಿ, ಪದವಿಯ ನಂತರ ನ್ಯಾಟ್ಸ್ ಮೂಲಕ ಬ್ಯಾಂಕಿನ ಬಾಗಿಲು ತಟ್ಟುವ ದಾರಿಯೂ ತೆರೆದಿರುತ್ತದೆ.

ಅಭ್ಯಾಸ

1. ತಮ್ಮ ವಾರ್ಡಿನಲ್ಲಿ ಈ ವರ್ಷ ಅಂತಿಮ ಪದವಿ ಹಾಗೂ ದ್ವಿತೀಯ ಪಿಯುಸಿಯಲ್ಲಿರುವ ವಿದ್ಯಾರ್ಥಿಗಳ ಸಂಖ್ಯೆಯನ್ನು ಸಂಗ್ರಹಿಸಿರಿ.

2. ಅವರಲ್ಲಿ ನ್ಯಾಟ್ಸ್ ನೋಂದಣಿ ಮಾಡಿಕೊಂಡಿರುವವರು ಎಷ್ಟು ಮಂದಿ ಎಂದು ವಿಚಾರಿಸಿರಿ.

3. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಚರ್ಚಿಸಿ, ಕೈಗೊಂಡ ತೀರ್ಮಾನವನ್ನು ನಡವಳಿಯಲ್ಲಿ ದಾಖಲಿಸಿರಿ.