ತಾರಸಿಯ ಪಾಚಿ: ತಿಕ್ಕುವ ಮೊದಲು ನೀರು ಹುಡುಕಿ

ಮಳೆಗಾಲ ಮುಗಿದ ಮೇಲೆ ಬಳ್ಳಾರಿ ಗುಡ್ಡವನ್ನು ಒಮ್ಮೆ ಗಮನಿಸಿ ನೋಡಿ. ಬಂಡೆಯ ನೆತ್ತಿಯಿಂದ ಕೆಳಕ್ಕೆ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಕುರುಗೋಡಿನ ಗುಡ್ಡಗಳಲ್ಲೂ ಅಷ್ಟೇ. ಅದು ಹೊಗೆಯಲ್ಲ, ಅದಿರಿನ ದೂಳೂ ಅಲ್ಲ. ಮಳೆನೀರು ಹರಿದ ದಾರಿಯಲ್ಲಿ ಬೆಳೆದ ನೀಲಿ-ಹಸಿರು ಪಾಚಿ. ನೀರು ಹರಿಯದ ಕಡೆ ಬಂಡೆ ತನ್ನ ಬಣ್ಣದಲ್ಲೇ ಇರುತ್ತದೆ. ನಿಮ್ಮ ಮನೆಯ ಪ್ಯಾರಾಪೆಟ್ ಗೋಡೆಯ ಮೇಲಿನ ಕಪ್ಪು, ಟ್ಯಾಂಕಿನ ಬುಡದ ಹಸಿರು ಎಲ್ಲ ಇದೇ ಬಳಗದ್ದು. ಅದು ಇರುವ ಕಡೆ ನೀರು ಇದೆ ಎಂದೇ ಲೆಕ್ಕ.

ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂಥ ಊರಿನ ತಾರಸಿ ಮೇಲೆ ಪಾಚಿಗೇನು ಕೆಲಸ ಎಂದು ಕೇಳುವವರು ಒಂದು ಸಣ್ಣ ಲೆಕ್ಕ ಹಾಕಬೇಕು. ನಳದಿಂದ ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 15ರಿಂದ 20 ಲೀಟರ್ ಆಗುತ್ತದೆ. ಅಷ್ಟೂ ನೀರು ಒಂದು ಚದರ ಮೀಟರ್ ಜಾಗದಲ್ಲೇ ಹರಡಿದರೆ ವರ್ಷಕ್ಕೆ ಸುಮಾರು 6,000 ಮಿಲಿಮೀಟರ್ ಮಳೆಗೆ ಸಮ. ಅಂದರೆ ಬಳ್ಳಾರಿಯ ಕೌಲ್ ಬಜಾರಿನ ತಾರಸಿಯೊಂದರ ಮೂಲೆಯಲ್ಲಿ ಬಹುತೇಕ ಆಗುಂಬೆಯೇ ಇಳಿದುಬಂದಂತೆ! ಈ ಭಾಗದಲ್ಲಿ ಪಾಚಿಯನ್ನು ಸಾಕುತ್ತಿರುವುದು ಮಳೆಗಿಂತ ಹೆಚ್ಚಾಗಿ ಮನೆಯ ನೀರು. ನಳದ ನೀರು ದಿನಾ ಬರುವುದಿಲ್ಲವಾದ್ದರಿಂದ ಎಲ್ಲರ ತಲೆಯ ಮೇಲೂ ಟ್ಯಾಂಕ್‌ಗಳು ಕೂತಿವೆ. ಬಂದ ದಿನ ತುಂಬಿ ಚೆಲ್ಲುವುದೂ ಅಲ್ಲೇ.

ಬಿಸಿಲಿಗೆ ಪಾಚಿ ಸಾಯುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಕಪ್ಪು ಪಾಚಿ ಬಿಸಿಲಿನಿಂದ ಕಾಪಾಡಿಕೊಳ್ಳಲೆಂದೇ ಗಾಢ ಬಣ್ಣ ತಯಾರಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಒಣಗಿ ಹೊಪ್ಪಳೆಯಾಗಿ ಬಿದ್ದಿದ್ದು, ನಾಲ್ಕು ಹನಿ ಬಿದ್ದೊಡನೆ ಮತ್ತೆ ಉಸಿರಾಡುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಇದರ ಬಂಧುಗಳೇ ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತವೆ. ಗದ್ದೆಯಲ್ಲಿದ್ದರೆ ಗೊಬ್ಬರ, ತಾರಸಿಯಲ್ಲಿದ್ದರೆ ತಲೆನೋವು.

ಎಲ್ಲ ಪಾಚಿಗೂ ಗಾಬರಿ ಬೇಕಿಲ್ಲ. ಗೋಡೆಯ ಹೊರಮೈಯಲ್ಲಿ ಕಪ್ಪು ಬಣ್ಣ ಇಳಿದಿದ್ದರೆ ಅದು ಬಹುಪಾಲು ಕಣ್ಣಿಗೆ ಕಾಣುವ ತೊಂದರೆ ಮಾತ್ರ. ಆದರೆ ತಾರಸಿಯ ನೆಲದಲ್ಲಿ ದಪ್ಪ ಹಸಿರು ಹಾವಸೆ ಕೂತಿದ್ದರೆ ಅಲ್ಲಿ ದೂಳು ಸೇರಿ ಮಣ್ಣಾಗಿದೆ, ಆ ಮಣ್ಣು ದಿನಗಟ್ಟಲೆ ತೇವ ಹಿಡಿದಿಡುತ್ತಿದೆ ಎಂದು ಅರ್ಥ. ಬಳ್ಳಾರಿಯಲ್ಲಿ ರಸ್ತೆಯ ಕೆಂದೂಳು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಬೂದಿ, ಎಲ್ಲ ಊರಲ್ಲೂ ಪಾರಿವಾಳದ ಹಿಕ್ಕೆ. ಇಷ್ಟು ಸೇರಿದರೆ ಹಾವಸೆಗೆ ಪಾತಿ ಸಿದ್ಧ. ಅದರ ಹಿಂದೆಯೇ ಹಕ್ಕಿಗಳು ತಂದ ಅರಳಿ ಬೀಜ ಮೊಳೆಯುತ್ತದೆ. ಅರಳಿ ಸಸಿ ಎರಡೆಲೆ ಬಿಟ್ಟಾಗಲೇ ಬೇರು ಸಮೇತ ಕಿತ್ತು ಬಿಡಿ. ಬೇರು ಬಿರುಕಿಗೆ ಇಳಿದ ಮೇಲೆ ಮೇಲ್ಭಾಗ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಮೊದಲ ಕೆಲಸ: ಬೇಸಿಗೆಯಲ್ಲಿ ನೋಡುವುದು

ಏಪ್ರಿಲ್ ಕೊನೆಯಲ್ಲಿ ತಾರಸಿಗೆ ಹೋಗಿ. ಮಳೆಯಿಲ್ಲದ ಆ ದಿನಗಳಲ್ಲೂ ಎಲ್ಲಿ ಹಸಿರು ಉಳಿದಿದೆಯೋ ಅಲ್ಲಿ ಸೋರಿಕೆ ಇದೆ. ಇಷ್ಟು ಸುಲಭದ ಪರೀಕ್ಷೆ ಮಲೆನಾಡಿನವರಿಗೆ ಸಿಗುವುದಿಲ್ಲ. ಹುಡುಕಬೇಕಾದ ಜಾಗಗಳು ಗೊತ್ತಿರುವವೇ: ಟ್ಯಾಂಕಿನ ತುಂಬಿ ಚೆಲ್ಲುವ ಪೈಪಿನ ಕೆಳಗೆ, ಪೈಪಿನ ಜೋಡಣೆಗಳ ಕೆಳಗೆ, ಎಸಿ ನೀರಿನ ಕೊಳವೆ ಬಿಟ್ಟ ಕಡೆ, ಏರ್ ಕೂಲರ್ ಇಟ್ಟ ಸಜ್ಜಾ, ಹೂವಿನ ಕುಂಡಗಳ ಸಾಲು. ಈಚೆಗೆ ಇನ್ನೊಂದು ಸೇರಿದೆ. ದೂಳು ಹೆಚ್ಚೆಂದು ಸೋಲಾರ್ ಫಲಕಗಳನ್ನು ಮತ್ತೆ ಮತ್ತೆ ತೊಳೆಯುವ ಮನೆಗಳಲ್ಲಿ ಫಲಕದ ಕೆಳಅಂಚಿನ ಉದ್ದಕ್ಕೂ ಗೆರೆ ಎಳೆದಂತೆ ಪಾಚಿ ಬರುತ್ತದೆ.

ಕಂಡ ಕಡೆಯೆಲ್ಲ ಬಳಪದಿಂದ ಗುರುತು ಹಾಕಿ, ನೀರಿನ ಮೂಲ ನಿಲ್ಲಿಸಿ. ಟ್ಯಾಂಕಿಗೆ ಬಾಲ್ ಕಾಕ್ ಅಥವಾ ತುಂಬಿದಾಗ ಮೋಟರ್ ನಿಲ್ಲಿಸುವ ಸ್ವಿಚ್ ಹಾಕಿಸುವುದು, ಚೆಲ್ಲುವ ನೀರನ್ನು ಪೈಪಿನ ಮೂಲಕ ನೇರವಾಗಿ ಕೆಳಗಿನ ಗಿಡಕ್ಕೋ ಮೋರಿಗೋ ಒಯ್ಯುವುದು, ಕುಂಡಗಳನ್ನು ಇಟ್ಟಿಗೆ ಮೇಲೆ ಎತ್ತಿ ಇಡುವುದು. ಇಷ್ಟಕ್ಕೆ ಪ್ಲಂಬರ್‌ನ ಅರ್ಧ ದಿನದ ಕೂಲಿ ಸಾಕು. ಇದನ್ನು ಮಾಡದೆ ತಾರಸಿ ತೊಳೆಸಿ ದುಬಾರಿ ಲೇಪನ ಬಳಿಸುವವರು ದುಡ್ಡನ್ನು ಮೋರಿಗೆ ಹರಿಸುತ್ತಿದ್ದಾರೆ ಎನ್ನದೆ ವಿಧಿಯಿಲ್ಲ.

ತೊಳೆಯುವುದು ಯಾವಾಗ, ಹೇಗೆ

ನಮ್ಮಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ದೀಪಾವಳಿ ಕಳೆದ ಮೇಲಿನ ವಾರಗಳು ಪಾಚಿ ತೆಗೆಯಲು ಒಳ್ಳೆಯ ಸಮಯ. ಆಗ ಪಾಚಿ ಜೀವಂತವಾಗಿ ಉಬ್ಬಿರುತ್ತದೆ, ಔಷಧಿ ಒಳಗೆ ಇಳಿಯುತ್ತದೆ. ಮೇ ತಿಂಗಳಲ್ಲೇ ಮಾಡಬೇಕಾಗಿ ಬಂದರೆ ಹಿಂದಿನ ಸಂಜೆ ತಾರಸಿಗೆ ನೀರು ಚಿಮುಕಿಸಿ ಪಾಚಿಯನ್ನು ಎಬ್ಬಿಸಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತರೊಳಗೆ ಮುಗಿಸಿ. ಆಮೇಲೆ ಸುರಿದ ದ್ರಾವಣವೆಲ್ಲ ಕೆಲಸ ಮಾಡುವ ಮೊದಲೇ ಆವಿಯಾಗುತ್ತದೆ.

ಹಸಿ ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ. ಗಟ್ಟಿ ರಬ್ಬರ್ ಅಟ್ಟೆಯ ಚಪ್ಪಲಿ ಅಥವಾ ಬೂಟು ಬೇಕು. ತಾರಸಿಗೆ ಪ್ಯಾರಾಪೆಟ್ ಗೋಡೆ ಇಲ್ಲದಿದ್ದರೆ ಒಬ್ಬರೇ ಹತ್ತಬೇಡಿ, ಅಂಚಿಗೆ ಬೆನ್ನು ಮಾಡಿ ತಿಕ್ಕುತ್ತ ಹಿಂದೆ ಹಿಂದೆ ಸರಿಯಬೇಡಿ. ಮನೆಯ ಮೇಲೆ ಕರೆಂಟಿನ ತಂತಿ ಹಾದಿದ್ದರೆ ಅಲ್ಯೂಮಿನಿಯಂ ಹಿಡಿಯ ಉದ್ದನೆಯ ಬ್ರಷ್ ಮೇಲಕ್ಕೆ ಒಯ್ಯಲೇಬಾರದು.

ಮೊದಲು ನೀರು ಇಳಿಯುವ ಪೈಪಿನ ಬಾಯಿಗೆ ಗೋಣಿಚೀಲ ತುರುಕಿ. ಮಳೆನೀರು ಸಂಗ್ರಹದ ತೊಟ್ಟಿ ಇದ್ದರೆ ಅದರ ಪೈಪನ್ನು ಬಿಚ್ಚಿಡಿ. ದಪ್ಪ ಹಾವಸೆಯನ್ನು ಕರಣೆಯಿಂದ ಎತ್ತಿ ಬಕೆಟ್ಟಿಗೆ ಹಾಕಿ, ಉಳಿದಿದ್ದನ್ನು ಕಡ್ಡಿ ಕಸಬರಿಗೆಯಿಂದ ಗುಡಿಸಿ ತೆಗೆಯಿರಿ. ತಂತಿ ಬ್ರಷ್ ಬೇಡ. ಅದರ ಚೂರುಗಳು ತಾರಸಿಯಲ್ಲೇ ಉಳಿದು ತುಕ್ಕಿನ ಕಲೆ ಮಾಡುತ್ತವೆ. ಕಾರು ತೊಳೆಯುವ ಜೋರು ನೀರಿನ ಯಂತ್ರವನ್ನು ಹಳೆಯ ಗಾರೆಯ ಮೇಲೆ ಬಿಟ್ಟರೆ ಪಾಚಿಯ ಜೊತೆ ಸಿಮೆಂಟೂ ಎದ್ದು ಬರುತ್ತದೆ. ಒರಟಾದ ಆ ಮೈಮೇಲೆ ಮುಂದಿನ ವರ್ಷದ ಪಾಚಿ ಇನ್ನೂ ಬೇಗ ಕೂರುತ್ತದೆ.

ಆಮೇಲೆ ಬ್ಲೀಚಿಂಗ್ ಪೌಡರ್. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರಿಗೆ 250 ಗ್ರಾಂ ಹಾಕಿ ಕಲಸಿ, ಅರ್ಧ ಗಂಟೆ ಬಿಟ್ಟು ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ನೂರು ಚದರ ಅಡಿಗೆ ಇಷ್ಟು ಸಾಕು. ನೆಲವನ್ನು ಮೊದಲೇ ತೇವ ಮಾಡಿಕೊಂಡು ಈ ತಿಳಿ ಸುರಿದು 15-20 ನಿಮಿಷ ಒಣಗದಂತೆ ನೋಡಿಕೊಳ್ಳಿ. ನಂತರ ಪ್ಲಾಸ್ಟಿಕ್ ಬ್ರಷ್ಷಿನಿಂದ ತಿಕ್ಕಿ, ಸಾಕಷ್ಟು ನೀರು ಹಾಕಿ ತೊಳೆಯಿರಿ. ಕ್ಲೋರಿನ್ನಿನ ಅಂಶ ಕಾಂಕ್ರೀಟಿನಲ್ಲಿ ಉಳಿದರೆ ಒಳಗಿನ ಕಬ್ಬಿಣಕ್ಕೆ ಒಳ್ಳೆಯದಲ್ಲ. ಈಗಾಗಲೇ ಕಬ್ಬಿಣ ಕಾಣುವಷ್ಟು ಸಿಮೆಂಟ್ ಕಿತ್ತುಹೋದ ಕಡೆ ಬ್ಲೀಚಿಂಗ್ ಮುಟ್ಟಿಸಲೇಬೇಡಿ. ಕೈಗವಸು, ಕನ್ನಡಕ, ಹಳೆಯ ಬಟ್ಟೆ ಕಡ್ಡಾಯ. ಜೀನ್ಸ್ ಹೊಲಿದು ಬಣ್ಣ ತೆಗೆಯುವ ಬಳ್ಳಾರಿಯವರಿಗೆ ಬ್ಲೀಚ್ ಬಟ್ಟೆಗೆ ಏನು ಮಾಡುತ್ತದೆಂದು ಬೇರೆ ಹೇಳಬೇಕಿಲ್ಲ.

ಕಲೆ ಹೋಗಲಿಲ್ಲವೆಂದು ಅದರ ಮೇಲೆ ಬಚ್ಚಲು ತೊಳೆಯುವ ಆಸಿಡ್ ಸುರಿಯುವ ಅಭ್ಯಾಸ ಕೆಲವರಿಗಿದೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶ ಸುಡುವ ವಿಷ. ಆಸಿಡ್ ಒಂದೇ ಆದರೂ ಸಿಮೆಂಟನ್ನು ತಿನ್ನುತ್ತದೆ. ಎರಡೂ ಬೇಡ.

ಸಿರುಗುಪ್ಪ ಕಡೆಯ ರೈತರ ಮನೆಯಲ್ಲಿ ಮೈಲುತುತ್ತ ಇರುತ್ತದೆ. ಗದ್ದೆಯ ಪಾಚಿಗೆ ಬಳಸುವುದನ್ನೇ ಮಾಳಿಗೆಗೂ ಹಾಕೋಣ ಎಂದು ತೋರುವುದು ಸಹಜ. ಅದು ಪಾಚಿ ಕೊಲ್ಲುವುದೂ ನಿಜ. ಆದರೆ ಆ ನೀರು ಕಬ್ಬಿಣಕ್ಕೆ ತಾಗಿದರೆ ಸವೆತ ಶುರುವಾಗುತ್ತದೆ, ಹರಿದು ಹೋದ ಕಡೆ ಮೀನಿಗೆ ವಿಷ. ತಾರಸಿಗೆ ಬೇಡವೆನ್ನುವುದೇ ನನ್ನ ಸಲಹೆ.

ನೀರು ನಿಲ್ಲದ ನೆಲ

ತೊಳೆದ ಮೇಲೆ ಒಂದು ಬೆಳಿಗ್ಗೆ ತಾರಸಿ ತುಂಬ ನೀರು ಹಾಕಿ ಬಿಡಿ. ಮರುದಿನವೂ ನೀರು ನಿಂತ ಕಡೆ ಸುತ್ತಲೂ ಬಳಪದ ಗೆರೆ ಎಳೆಯಿರಿ. ಅದೇ ಪಾಚಿಯ ಮುಂದಿನ ವಿಳಾಸ. ತಾರಸಿಯ ಇಳಿಜಾರು ಕನಿಷ್ಠ ಮೀಟರಿಗೆ ಒಂದು ಸೆಂಟಿಮೀಟರ್ ಇರಬೇಕು. ಗೌಂಡಿ ಕಣ್ಣಳತೆಯಲ್ಲಿ ‘ಸರಿ ಐತ್ರೀ’ ಎಂದರೆ ಒಪ್ಪಬೇಡಿ, ರಸಮಟ್ಟ ಇಡಲು ಹೇಳಿ. ಸಣ್ಣ ತಗ್ಗುಗಳನ್ನು ಪಾಲಿಮರ್ ಸೇರಿಸಿದ ಗಾರೆಯಿಂದ ತುಂಬಬಹುದು. ಬಿರುಕುಗಳನ್ನು ಮೊದಲು ಅಗಲಿಸಿ ಮುಚ್ಚಬೇಕು. ನೆಲ ಮತ್ತು ಗೋಡೆ ಕೂಡುವ ಮೂಲೆಗೆ ಓರೆಯಾಗಿ ಗಾರೆ ಕೊಟ್ಟರೆ ಅಲ್ಲಿ ದೂಳು ಕೂರುವುದಿಲ್ಲ. ಆದರೆ ಹಳೆಯ ತಾರಸಿಯ ಮೇಲೆ ಇಡಿಯಾಗಿ ಇನ್ನೊಂದು ಪದರ ಕಾಂಕ್ರೀಟ್ ಹಾಕಿಸುವ ಮೊದಲು ಭಾರ ತಡೆಯುತ್ತದೆಯೇ ಎಂದು ಎಂಜಿನಿಯರ್ ಒಬ್ಬರನ್ನು ಕೇಳಲೇಬೇಕು.

ಪ್ಯಾರಾಪೆಟ್ ಗೋಡೆಯ ನೆತ್ತಿಯನ್ನು ಯಾರೂ ನೋಡುವುದಿಲ್ಲ. ಅದು ತಾರಸಿಯ ಕಡೆಗೆ ವಾಲಿರಬೇಕು. ಬೀದಿ ಕಡೆಗೆ ವಾಲಿದ್ದರೆ ದೂಳು ತುಂಬಿದ ಮಳೆನೀರು ಮನೆಯ ಮುಂಭಾಗದ ಮೇಲೆ ಇಳಿದು, ಗುಡ್ಡದ ಬಂಡೆಯಲ್ಲಿರುವ ಕಪ್ಪು ಪಟ್ಟೆಯನ್ನೇ ಬರೆಯುತ್ತದೆ.

ಸುಣ್ಣವೋ ಲೇಪನವೋ

ಬಿಸಿಲೂರಿಗೆ ಸುಣ್ಣದಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಹೊಸ ಸುಣ್ಣದ ಕ್ಷಾರ ಎಷ್ಟು ತೀಕ್ಷ್ಣವೆಂದರೆ ಅದರ ಮೇಲೆ ಪಾಚಿ ಬದುಕುವುದಿಲ್ಲ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸಿ ಕೆಳಗಿನ ಕೋಣೆಯನ್ನೂ ತಂಪಿಡುತ್ತದೆ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರುತ್ತ ಹೋದ ಹಾಗೆ ಕ್ಷಾರ ಇಳಿಯುತ್ತದೆ, ಮಳೆಗೆ ಸುಣ್ಣ ತೊಳೆದುಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬಳಿಯಲೇಬೇಕು. ಯುಗಾದಿಯಿಂದ ಮುಂಗಾರಿನ ನಡುವೆ ಬಳಿದರೆ ಬೇಸಿಗೆಗೂ ಆಯಿತು, ಮಳೆಗೂ ಆಯಿತು.

ಕಲ್ಲುಸುಣ್ಣವನ್ನು ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಅದು ಕೊತಕೊತ ಕುದಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಒಂದೆರಡು ದಿನ ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಮಾಡಿಕೊಂಡು, ಹಿಡಿತಕ್ಕೆ ಮರಗೆಲಸದ ಬಿಳಿ ಅಂಟು ಸ್ವಲ್ಪ ಬೆರೆಸಿ. ಒಂದೇ ದಪ್ಪ ಪದರಕ್ಕಿಂತ ಎರಡು-ಮೂರು ತೆಳು ಪದರ ಬಾಳುತ್ತದೆ. ಹಿಂದಿನವರು ಸುಣ್ಣಕ್ಕೆ ಉಪ್ಪು ಹಾಕುತ್ತಿದ್ದರು. ಕಬ್ಬಿಣವಿರುವ ಆರ್‌ಸಿಸಿ ತಾರಸಿಗೆ ಉಪ್ಪು ಸಲ್ಲದು. ಸುಣ್ಣ ಕಣ್ಣಿಗೆ ಸಿಡಿದರೆ ತಕ್ಷಣ ನೀರಿನಿಂದ 15-20 ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಬೇಕು.

ಅಂಗಡಿಯ ವಾಟರ್‌ಪ್ರೂಫ್ ಲೇಪನ ಬಳಿಸುವುದಾದರೆ ಪಾಚಿ ಪೂರ್ತಿ ಸತ್ತು, ತಾರಸಿ ಒಳಗಿನವರೆಗೆ ಒಣಗಿರಬೇಕು. ಒಳಗೆ ತೇವ ಉಳಿದರೆ ಲೇಪನ ಬೊಬ್ಬೆಯೆದ್ದು ಸುಲಿಯುತ್ತದೆ.

ಮಣ್ಣಿನ ಮಾಳಿಗೆ, ಶೀಟಿನ ಮನೆ

ಕುರುಗೋಡು, ಸಿರುಗುಪ್ಪದ ಹಳ್ಳಿಗಳಲ್ಲಿ ಇನ್ನೂ ಮಣ್ಣಿನ ಮಾಳಿಗೆಗಳಿವೆ. ಅವಕ್ಕೆ ಮೇಲಿನ ಯಾವ ಮದ್ದೂ ಬೇಡ. ನೀರು ಹಾಕಿ ತೊಳೆಯುವುದಂತೂ ಬೇಡವೇ ಬೇಡ. ಹಿಂದಿನವರು ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದುದಕ್ಕೆ ಕಾರಣವಿದೆ. ಅದರ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡಿ ಸಂದುಗಳನ್ನು ಮುಚ್ಚುತ್ತದೆ, ನೀರು ಕೆಳಗಿಳಿಯುವುದಿಲ್ಲ. ಉಪ್ಪಿನಂಶಕ್ಕೆ ಹುಲ್ಲು, ಹಾವಸೆ ಸುಲಭವಾಗಿ ಬೇರೂರುವುದಿಲ್ಲ. ಕಾಲುವೆ ನೀರಿನ ಹೊಲಗಳಲ್ಲಿ ರೈತರು ಶಪಿಸುವ ಸವಳು ಮಾಳಿಗೆ ಮೇಲೆ ಕಾವಲುಗಾರ. ಮಳೆ ಬಿಟ್ಟು ಮಣ್ಣು ಇನ್ನೂ ತುಸು ಹಸಿಯಿದ್ದಾಗ ಹುಲ್ಲನ್ನು ಬೇರು ಸಮೇತ ಕೀಳಿ, ನೀರು ಬೀಳುವ ದೋಣಿಯ ಬಾಯಿ ಬಿಡಿಸಿ. ಮುಂಗಾರಿಗೆ ಮೊದಲು ಹೊಸ ಸವಳು ಹರಡಿ ಬಡಿಯಿರಿ. ವರ್ಷ ವರ್ಷ ಹಾಕುತ್ತ ಹೋದರೆ ಭಾರ ಏರುತ್ತದೆ, ಆದ್ದರಿಂದ ಹಳೆಯದನ್ನು ಅಷ್ಟಿಷ್ಟು ಕೆರೆದು ತೆಗೆಯಬೇಕು. ಮಣ್ಣಿನ ಮೇಲೆ ಸಿಮೆಂಟ್ ಬಳಿದು ಮುಚ್ಚಿದರೆ ಒಳಗಿನ ತೇವ ಹೊರಹೋಗದೆ ತೊಲೆ, ಜಂತಿ ಕೊಳೆಯುತ್ತವೆ.

ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಕೆರೆದರೆ, ಜೋರು ನೀರು ಹೊಡೆದರೆ ಆ ನಾರು ಗಾಳಿಗೆ ಬಂದು ಶ್ವಾಸಕೋಶ ಸೇರುತ್ತದೆ. ಜೊತೆಗೆ ಪಾಚಿ ಹಿಡಿದ ಹಳೆಯ ಶೀಟು ಕಾಲಿಟ್ಟರೆ ಮುರಿಯಬಹುದು. ಸೋರದಿದ್ದರೆ ಹಾಗೇ ಬಿಡಿ, ಸೋರಿದರೆ ಬದಲಾಯಿಸಿ. ತಗಡಿನ ಶೀಟಿಗೆ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು.

ಕೆಲಸವನ್ನು ಗುತ್ತಿಗೆ ಕೊಡುವುದಾದರೆ ತೊಳೆಯುವುದು, ಬಿರುಕು ಮುಚ್ಚುವುದು, ಇಳಿಜಾರು ಸರಿಪಡಿಸುವುದು, ಬಳಿಯುವುದು ಇವಕ್ಕೆ ಬೇರೆ ಬೇರೆ ದರ ಬರೆಸಿಕೊಳ್ಳಿ. ಕೊನೆಯ ಕಂತನ್ನು ಮೊದಲ ದೊಡ್ಡ ಮಳೆಯವರೆಗೆ ಹಿಡಿದಿಡಿ. ಕೆಳಗಿನ ಕೋಣೆಯ ಛಾವಣಿಯಲ್ಲಿ ತುಕ್ಕಿನ ಕಂದು ಗೆರೆ ಅಥವಾ ಕಳಚಿಬಿದ್ದ ಗಾರೆ ಕಂಡರೆ ಪಾಚಿಯ ಕೆಲಸವನ್ನು ಪಕ್ಕಕ್ಕಿಟ್ಟು ಮೊದಲು ಎಂಜಿನಿಯರ್‌ಗೆ ತೋರಿಸಿ.